ಕನ್ನಡ ಮೇಷ್ಟರಿಗೆ ಕಂಪೈಲರಿನ ಗೊಡವೆ ಏಕೆ?

ಈ ಪ್ರಶ್ನೆಯನ್ನು ನಮಗೆ ಕೇಳಿದವರು ಒಬ್ಬಿಬ್ಬರಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ರಾತ್ರಿ ಒಂಬತ್ತರವರೆಗೂ ದೀಪ ಉರಿಯುತ್ತಿದ್ದುದನ್ನು ಕಂಡ ಪೋಷಕರೊಬ್ಬರು, “ಏನು ಮೇಷ್ಟ್ರೆ, ಸಂಧಿ ಸಮಾಸ ಹೇಳಿಕೊಡೋದು ಬಿಟ್ಟು ಇದೇನು ಹಿಡಿದಿದ್ದೀರಿ?” ಎಂದು ನಗುತ್ತಲೇ ಕೇಳಿದರು. ಆ ಹೊತ್ತಿಗೆ ಸರಿಯಾದ ಉತ್ತರ ನಮ್ಮ ಬಾಯಿಗೆ ಬರಲಿಲ್ಲ. ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಆ ಉತ್ತರವನ್ನೇ ಬರೆಯೋಣವೆಂದು ಕುಳಿತೆವು.

ಎಲ್ಲಕ್ಕೂ ಮೂಲ ‘ಮೊತ್ತ’ ಎಂಬ ಒಂದು ಪದ. ನಮ್ಮ ಶಾಲೆಯಲ್ಲಿ ಐದು ಕಂಪ್ಯೂಟರುಗಳಿವೆ. ಐದೂ ದಾನವಾಗಿ ಬಂದವು. ಐದೂ ಹಳೆಯವು, 32 ಬಿಟ್ಟಿನವು. ಅವುಗಳಲ್ಲಿ ಲುಬುಂಟು 18.04 ಎಂಬ ಕಾರ್ಯವ್ಯವಸ್ಥೆ ಇದೆ. ಉಬುಂಟು ಬಳಗದವರು ಇಂಥ ಯಂತ್ರಗಳಿಗೆ ಹೊಸ ಆವೃತ್ತಿ ಕೊಡುವುದನ್ನು 2019ರ ಹೊತ್ತಿಗೆ ನಿಲ್ಲಿಸಿಬಿಟ್ಟರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸಿ ಭಾಷೆಯಲ್ಲಿ ಒಂದು ಚಿಕ್ಕ ಲೆಕ್ಕ ಬರೆದಳು. ಅವಳ ತಂದೆ ರಾಯಕೋಟೆ ಮಂಡಿಗೆ ಟೊಮೆಟೊ ಹಾಕುವವರು. ದಿನಕ್ಕೆ ಇಷ್ಟು ಬಾಕ್ಸು, ಬಾಕ್ಸಿಗೆ ಇಷ್ಟು ದರ, ವಾರದ ಕೊನೆಗೆ ಎಷ್ಟು ಎಂಬ ಲೆಕ್ಕ. ಕೂಡಿದ್ದನ್ನು ಇಡುವ ಚರಕ್ಕೆ ಅವಳು ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಟ್ಟಳು. ಯಂತ್ರ ಒಪ್ಪಲಿಲ್ಲ. ಪರದೆಯ ತುಂಬ ಒಂದೇ ದೂರು: ಪ್ರೋಗ್ರಾಮಿನಲ್ಲಿ ‘ಸ್ಟ್ರೇ 340’, ‘ಸ್ಟ್ರೇ 262’, ‘ಸ್ಟ್ರೇ 256’.

“ಸ್ಟ್ರೇ ಅಂದರೇನು ಮೇಷ್ಟ್ರೆ?” ಎಂದು ಕೇಳಿದಳು. ಬೀಡಾಡಿ ಎಂದೆವು. ಹೇಳುವಾಗ ನಮಗೇ ಸ್ವಲ್ಪ ಕಸಿವಿಸಿಯಾಯಿತು. ನಮ್ಮ ಮಕಾರ ಬೀಡಾಡಿಯೆ?

ಇಲ್ಲಿ ಎರಡು ಮಾತು ವಿವರಿಸಬೇಕು. ಸಿ ಮುಂತಾದ ಭಾಷೆಗಳು ಮನುಷ್ಯರು ಬರೆಯಲೆಂದು ಮಾಡಿಕೊಂಡವು. ಯಂತ್ರಕ್ಕೆ ಅವು ನೇರವಾಗಿ ತಿಳಿಯುವುದಿಲ್ಲ. ನಮ್ಮೂರಿನ ಹಿರಿಯರು ತಮ್ಮ ಅಹವಾಲನ್ನು ಕನ್ನಡದಲ್ಲಿ ಹೇಳಿ, ತಮಿಳು ಬಲ್ಲವರಿಂದ ಅರ್ಜಿ ಬರೆಯಿಸಿಕೊಂಡು ತಾಲ್ಲೂಕು ಕಚೇರಿಗೆ ಹೋಗುತ್ತಾರಲ್ಲವೆ? ಹಾಗೆ ಮನುಷ್ಯರ ಬರಹವನ್ನು ಯಂತ್ರದ ಅಂಕಿಗಳಿಗೆ ಇಳಿಸುವ ಭಾಷಾಂತರಕಾರನೇ ಕಂಪೈಲರ್. ಇನ್ನು ಈ 340 ಎಂಬುದೇನು? ಯೂನಿಕೋಡಿನ ಯು.ಟಿ.ಎಫ್.-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಮೊದಲನೆಯ ಬೈಟು, ಎಂಟರ ಎಣಿಕೆಯಲ್ಲಿ, ಯಾವಾಗಲೂ 340. ನಾವು ತರಗತಿಯಲ್ಲಿ ಎರಡೇ ಅಕ್ಷರವೆಂದು ಹೇಳುವ ‘ಮೊತ್ತ’ವು ಯಂತ್ರದ ಪಾಲಿಗೆ ಮ, ಒತ್ವ, ತ, ವಿರಾಮ, ತ ಎಂದು ಐದು ಸಂಕೇತ, ಹದಿನೈದು ಬೈಟು. ಆ ಹದಿನೈದನ್ನೂ ಒಂದೊಂದಾಗಿ ಹಿಡಿದು ಬೀಡಾಡಿಗಳೆಂದು ದೊಡ್ಡಿಗೆ ಹಾಕಿತ್ತು ಯಂತ್ರ.

ಆಗ ನೆರವಿಗೆ ಬಂದವನು ನಮ್ಮ ಹಳೆಯ ವಿದ್ಯಾರ್ಥಿ, ಈಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವವನು. “ಮೇಷ್ಟ್ರೆ, ಇದು ಹುಡುಗಿಯ ತಪ್ಪಲ್ಲ, ಕಂಪೈಲರ್ ಹಳೆಯದು” ಎಂದ. ವಿಚಾರಿಸಿದರೆ ಸಂಗತಿ ಸ್ವಾರಸ್ಯವಾಗಿತ್ತು. 1999ರಲ್ಲಿ ಹೊರಬಂದ ಸಿ ಭಾಷೆಯ ಅಂತರರಾಷ್ಟ್ರೀಯ ಮಾನಕದ ಅನುಬಂಧದಲ್ಲಿ, ಹೆಸರುಗಳಲ್ಲಿ ಬಳಸಬಹುದಾದ ಲಿಪಿಗಳ ಪಟ್ಟಿಯಿದೆ. ಅದರಲ್ಲಿ ಕನ್ನಡವೂ ಇದೆ. ಅನುಸ್ವಾರ ವಿಸರ್ಗಗಳಿಂದ ಹಿಡಿದು ವಿರಾಮದವರೆಗೆ ಇದೆ. ಆದರೆ ಶಾಸ್ತ್ರದಲ್ಲಿ ಇದ್ದದ್ದು ಬಳಕೆಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮುಕ್ತ ಕಂಪೈಲರುಗಳಲ್ಲಿ ಒಂದು ಜಿಸಿಸಿ. ರಿಚರ್ಡ್ ಸ್ಟಾಲ್‌ಮನ್ ಅದನ್ನು ಮೊದಲು ಬಿಡುಗಡೆ ಮಾಡಿದ್ದು 1987ರಲ್ಲಿ. ಇಂಥ ಅಕ್ಷರಗಳನ್ನು ನೇರವಾಗಿ ಬರೆದರೆ ಹೆಸರೆಂದು ಒಪ್ಪಿಕೊಳ್ಳುವ ಗುಣ ಅದಕ್ಕೆ ಬಂದದ್ದು 2020ರ ಹತ್ತನೆಯ ಆವೃತ್ತಿಯಲ್ಲಿ. ನಮ್ಮ ಯಂತ್ರಗಳಲ್ಲಿ ಇದ್ದದ್ದು ಏಳನೆಯ ಆವೃತ್ತಿ.

ಸಿದ್ಧವಾದ ಹತ್ತನೆಯ ಆವೃತ್ತಿ ನಮ್ಮ ವ್ಯವಸ್ಥೆಗೆ ದೊರೆಯಲಿಲ್ಲ. ಆದರೆ ಜಿಸಿಸಿಯ ಸೋರ್ಸ್ ಕೋಡ್, ನಮ್ಮ ಮಾತಿನಲ್ಲಿ ಹೇಳುವುದಾದರೆ ಮೂಲಪಾಠ, ಯಾರು ಬೇಕಾದರೂ ತೆಗೆದುಕೊಳ್ಳಬಹುದಾದದ್ದು. ಅದನ್ನು ತಂದು ನಾವೇ ಕಂಪೈಲರನ್ನು ಕಟ್ಟಿಕೊಳ್ಳೋಣ ಎಂದ ಹುಡುಗ. ಸರಿ ಎಂದೆವು, ಏನು ಬರುತ್ತದೆಂದು ತಿಳಿಯದೆ.

ಬಂದದ್ದು ಮೂರು ದಿನದ ಕೆಲಸ. 70 ಮೆಗಾಬೈಟಿಗೂ ಮೇಲ್ಪಟ್ಟ ಗಂಟನ್ನು ಮೊಬೈಲಿನ ಅಂತರಜಾಲದಿಂದ ಇಳಿಸಿಕೊಂಡಾಯಿತು. ಬಿಚ್ಚಿದರೆ, ಇದಕ್ಕೆ ಮೊದಲು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಮೂರು ಗಣಿತದ ಗ್ರಂಥಾಲಯಗಳು ಬೇಕು ಎಂದಿತು. ಅವನ್ನು ತಂದಾಯಿತು. ಮೂಲಪಾಠದ ಕಡತಕೋಶದ ಒಳಗೇ ಕಟ್ಟಲು ಹೊರಟು ಎಡವಿ, ಹೊರಗೆ ಬೇರೆ ಕೋಶ ಮಾಡಿಕೊಂಡಾಯಿತು. ಕೊನೆಗೆ ‘ಮೇಕ್’ ಎಂಬ ಆಜ್ಞೆ ಕೊಟ್ಟರೆ ಆ ಮುದಿ ಯಂತ್ರ ಹಗಲೆಲ್ಲ ಏದುಸಿರು ಬಿಡುತ್ತ ದುಡಿಯಿತು. ಸಂಜೆ ಕರೆಂಟು ಹೋಯಿತು.

ಮೇಕ್ ಎಂಬುದು ಬಹಳ ಜಾಣ ಕೆಲಸಗಾರ. ಯಾವ ಕಡತ ಯಾವುದರಿಂದ ಹುಟ್ಟಬೇಕೆಂಬುದನ್ನು ಬರೆದುಕೊಟ್ಟರೆ, ಎರಡರ ಗಳಿಗೆಯನ್ನೂ ಹೋಲಿಸಿ ನೋಡಿ, ಹಳತಾದದ್ದನ್ನಷ್ಟೆ ಮತ್ತೆ ಮಾಡುತ್ತದೆ. ಇದನ್ನು 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಗೆಲ್ಲ ತಪ್ಪು ಹುಡುಕಿ ಸೋತಿದ್ದರಂತೆ. ಪ್ರೋಗ್ರಾಮಿನಲ್ಲಿ ತಪ್ಪನ್ನು ಅವರು ಆಗಲೇ ತಿದ್ದಿದ್ದರು. ತಿದ್ದಿದ್ದನ್ನು ಮತ್ತೆ ಕಂಪೈಲ್ ಮಾಡಲು ಮಾತ್ರ ಮರೆತಿದ್ದರು. ಅಂಥ ಮರೆವಿಗೆ ಮದ್ದಾಗಿ ಹುಟ್ಟಿದ್ದು ಮೇಕ್. ಹಾಗಾಗಿ ಕರೆಂಟು ಬಂದ ಮೇಲೆ ಅದು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆಂದು ಹುಡುಗ ಧೈರ್ಯ ಹೇಳಿದ. ಆದರೆ ನಮ್ಮ ಯಂತ್ರದ ಒಳಗಿನ ಚಿಕ್ಕ ಬ್ಯಾಟರಿ ಎಂದೋ ಸತ್ತಿತ್ತು. ಯಂತ್ರ ಎದ್ದಾಗ ಅದರ ದಿನಾಂಕ ಹಿಂದಕ್ಕೆ ಸರಿದಿತ್ತು. ಮೇಕ್ ನೋಡುತ್ತದೆ: ಮಾಡಿಟ್ಟ ಕಡತಗಳೆಲ್ಲ ನಾಳೆ ನಾಡಿದ್ದು ಹುಟ್ಟಿದವು! ಗಡಿಯಾರ ಓರೆಯಾಗಿದೆ ಎಂದು ಎಚ್ಚರಿಸಿ, ಮಾಡಿದ್ದನ್ನೇ ಮಾಡತೊಡಗಿತು. ಎಲ್ಲವನ್ನೂ ಅಳಿಸಿ, ದಿನಾಂಕವನ್ನು ಕೈಯಾರೆ ಸರಿಪಡಿಸಿ, ಮರುದಿನ ಮೊದಲಿನಿಂದ ಹೊರಟೆವು. ಮೂರನೆಯ ರಾತ್ರಿ ಕೆಲಸ ಮುಗಿಯಿತು. ‘ಮೊತ್ತ’ವು ಮೊತ್ತವಾಗಿಯೇ ಒಳಗೆ ಹೋಗಿ ಲೆಕ್ಕ ಹೊರಬಂತು. ಸಂತೋಷದಲ್ಲಿ ನಾವೂ ಹುಡುಗನೂ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿದೆವು.

ಆದರೆ ಈ ಲೇಖನ ಬರೆಯುತ್ತಿರುವುದು ಆ ಸಂತೋಷಕ್ಕಲ್ಲ. ಎರಡು ವಾರ ಕಳೆದು, ಉಳಿದ ನಾಲ್ಕು ಯಂತ್ರಗಳಲ್ಲೂ ಹೀಗೆಯೇ ಮಾಡು ಎಂದಾಗ ಹುಡುಗ ತಲೆ ಕೆರೆದುಕೊಂಡ. ಯಾವ ಗ್ರಂಥಾಲಯದ ಯಾವ ಆವೃತ್ತಿ? ಕಾನ್ಫಿಗರ್ ಎಂಬ ಆಜ್ಞೆಗೆ ಯಾವ ಯಾವ ಸೂಚನೆ ಕೊಟ್ಟದ್ದು? ಎರಡನೆಯ ದಿನ ಸಿಕ್ಕಿಕೊಂಡಾಗ ಯಾವ ಕಡತ ಅಳಿಸಿದ್ದು? ನಾವೂ ಪಕ್ಕದಲ್ಲೇ ಇದ್ದವರು, ನಮಗೂ ನೆನಪಿಲ್ಲ. ಕಂಪೈಲರ್ ನಮ್ಮ ಕೈಯಲ್ಲಿತ್ತು, ಕಟ್ಟುವ ಬಗೆ ಕೈಜಾರಿತ್ತು.

ನಮ್ಮ ಸೀಮೆಯ ಎಷ್ಟೋ ವಿದ್ಯೆಗಳು ಹೀಗೆಯೇ ಹೋದವಲ್ಲವೆ? ಅಜ್ಜಿಯ ಕೈಮದ್ದು ಅಜ್ಜಿಯೊಡನೆ ಹೋಯಿತು. “ಕಣ್ಣಳತೆ, ಕೈಯಳತೆ” ಎಂದು ಹೇಳುತ್ತಿದ್ದವರು ಕಣ್ಣನ್ನೂ ಕೈಯನ್ನೂ ನಮಗೆ ಬಿಟ್ಟು ಹೋಗಲಿಲ್ಲ.

ಅಲ್ಲಿ ನಮ್ಮ ಮೇಷ್ಟರಿಕೆ ತಲೆ ಎತ್ತಿತು. ಪ್ರಬಂಧ ಬರೆಸುವ ಹಾಗೆ ಹುಡುಗನನ್ನು ಕೂರಿಸಿ, ಮತ್ತೊಮ್ಮೆ ಮಾಡು, ಮಾಡಿದ ಒಂದೊಂದನ್ನೂ ಬರೆ ಎಂದೆವು. ಅವನು ನೋಟ್‌ಬುಕ್ ತೆಗೆಯಲಿಲ್ಲ. ಒಂದು ಕಡತ ತೆರೆದ. ಯಂತ್ರಕ್ಕೆ ಕೊಡುವ ಆಜ್ಞೆಗಳನ್ನು ಕ್ರಮವಾಗಿ ಕಡತದಲ್ಲಿ ಬರೆದಿಟ್ಟು, ಆ ಕಡತವನ್ನೇ ಓಡಿಸುವುದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ನೋಟ್‌ಬುಕ್ಕಿನಲ್ಲಿ ಬರೆದದ್ದರಲ್ಲಿ ತಪ್ಪಿದ್ದರೆ ಅದು ಹಾಗೆಯೇ ಮಲಗಿರುತ್ತದೆ. ಸ್ಕ್ರಿಪ್ಟಿನಲ್ಲಿ ತಪ್ಪಿದ್ದರೆ ಓಡಿಸಿದ ಕೂಡಲೆ ಗೊತ್ತಾಗುತ್ತದೆ. ಮೊದಲ ಸಾಲಿಗೇ ಅವನು ‘ಸೆಟ್ ಮೈನಸ್ ಇ’ ಎಂದು ಬರೆದ. ಯಾವ ಹೆಜ್ಜೆಯಲ್ಲಿ ತಪ್ಪಿದರೂ ಅಲ್ಲೇ ನಿಲ್ಲು, ಮುಂದಕ್ಕೆ ಹೋಗಬೇಡ ಎಂಬ ಕಟ್ಟಪ್ಪಣೆ ಅದು. ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳಿಗೂ ಇಂಥದೊಂದು ಸಾಲು ಇದ್ದಿದ್ದರೆ ಎಂದು ನಮಗೆ ಆಸೆಯಾಯಿತು!

ಆಮೇಲೆ ಇಳಿಸಿಕೊಂಡ ಗಂಟು ಪೂರ್ತಿಯಾಗಿದೆಯೆ, ಬೇರೆಯವರ ಕೈ ಆಡಿದೆಯೆ ಎಂದು ತಾಳೆ ನೋಡುವ ಸಾಲು. ಗ್ರಂಥಾಲಯಗಳ ಆವೃತ್ತಿಯ ಅಂಕಿಗಳು. ಗಡಿಯಾರವನ್ನು ತೋರಿಸಿ ‘ಇದು ಸರಿಯೆ?’ ಎಂದು ಕೇಳುವ ಸಾಲು. ಅದು ನಮ್ಮ ಬ್ಯಾಟರಿಯ ಸ್ಮಾರಕ. ಒಟ್ಟು ನಲವತ್ತು ಸಾಲು. ಪ್ರತಿಯೊಂದು ಆಜ್ಞೆಯ ಮೇಲೂ ಅದು ಏಕೆಂದು ಕನ್ನಡದಲ್ಲಿ ಟಿಪ್ಪಣಿ ಬರೆಯಬೇಕೆಂದು ನಾವು ಹಟ ಹಿಡಿದೆವು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಬರಿಯ ಸೂತ್ರ ಕೊಟ್ಟು ಸುಮ್ಮನಾಗಲಿಲ್ಲ. ತಾನೇ ವೃತ್ತಿಯನ್ನೂ ಬರೆದ, ಪ್ರಯೋಗಗಳನ್ನೂ ಕೊಟ್ಟ. ಆಜ್ಞೆಯೇ ಸೂತ್ರ, ಟಿಪ್ಪಣಿಯೇ ವೃತ್ತಿ ಎಂದು ಹೇಳಿದಾಗ ಹುಡುಗನಿಗೆ ಹಿಡಿಸಿತು.

ಸ್ಕ್ರಿಪ್ಟನ್ನು ಎರಡನೆಯ ಯಂತ್ರದಲ್ಲಿ ಓಡಿಸಲು ಟೊಮೆಟೊ ಲೆಕ್ಕದ ಹುಡುಗಿಯನ್ನೇ ಕೂರಿಸಿದೆವು. ಹುಡುಗ ಬಾಯಿ ಬಿಡಕೂಡದು ಎಂಬ ಷರತ್ತಿನೊಡನೆ. ಮೂರನೆಯ ಹೆಜ್ಜೆಗೇ ನಿಂತಿತು. ಅವನು ಕಡತಗಳ ದಾರಿಯನ್ನು ತನ್ನ ಹೆಸರಿನ ಕೋಶದ ಮೂಲಕ ಬರೆದಿದ್ದ. ಆ ಯಂತ್ರದಲ್ಲಿ ಅವನ ಹೆಸರಿನ ಕೋಶವೇ ಇರಲಿಲ್ಲ. ತನ್ನ ಮನೆಯ ಬಾಗಿಲು ಎಲ್ಲರಿಗೂ ಗೊತ್ತೆಂದುಕೊಂಡು ವಿಳಾಸ ಬರೆದಂತೆ. ಹುಡುಗಿ ಅದನ್ನು ತಿದ್ದಿದಳು. ಮುಂದೆ ಒಂದು ಉಪಕರಣ ಆ ಯಂತ್ರದಲ್ಲಿ ಇಲ್ಲವೆಂದು ನಿಂತಿತು. ಅದನ್ನು ಮೊದಲೇ ಪರೀಕ್ಷಿಸುವ ಸಾಲು ಸೇರಿಸಿದಳು. ಬರೆದವನು ಎಷ್ಟೇ ಜಾಣನಾಗಿರಲಿ, ಬೇರೆಯವರ ಕೈಯಲ್ಲಿ ಓಡುವವರೆಗೆ ಅದು ಅರ್ಧ ಬರಹವೇ ಎಂದು ನಮಗೆ ಆ ದಿನ ಮನದಟ್ಟಾಯಿತು.

ಇನ್ನು ಈ ಕಟ್ಟುವ ಕೆಲಸದ ಒಳಗಿನ ಒಂದು ಸೊಗಸನ್ನು ಹೇಳದೆ ಮುಂದೆ ಹೋಗಲಾರೆವು. ಕಂಪೈಲರೂ ಒಂದು ಪ್ರೋಗ್ರಾಮೇ. ಅದನ್ನು ಯಂತ್ರದ ಭಾಷೆಗೆ ಇಳಿಸಲು ಮೊದಲೇ ಒಂದು ಕಂಪೈಲರ್ ಬೇಕು. ಮೊಸರು ಮಾಡಲು ಮೊಸರೇ ಬೇಕಾದಂತೆ. ಹೆಪ್ಪು ಇಲ್ಲದಿದ್ದರೆ ನೆರೆಮನೆಯಿಂದ ತರುತ್ತೇವೆ. ಜಿಸಿಸಿಯೂ ಹಾಗೆಯೇ. ಯಂತ್ರದಲ್ಲಿದ್ದ ಹಳೆಯ ಕಂಪೈಲರಿನಿಂದ ಮೊದಲನೆಯದನ್ನು ಕಟ್ಟುತ್ತದೆ, ಆ ಮೊದಲನೆಯದರಿಂದ ಅದೇ ಮೂಲಪಾಠವನ್ನು ಮತ್ತೆ ಕಟ್ಟಿ ಎರಡನೆಯದು, ಎರಡನೆಯದರಿಂದ ಮೂರನೆಯದು. ಕೊನೆಗೆ ಎರಡನೆಯದನ್ನೂ ಮೂರನೆಯದನ್ನೂ ಬೈಟು ಬೈಟಾಗಿ ಹೋಲಿಸಿ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ಸರಿ. ಇಲ್ಲವಾದರೆ ಎಲ್ಲೋ ಕೆಟ್ಟಿದೆ ಎಂದು ನಿಲ್ಲುತ್ತದೆ. ನಮ್ಮ ಯಂತ್ರ ಅಷ್ಟು ಹೊತ್ತು ತೆಗೆದುಕೊಂಡದ್ದು ಇದರಿಂದಲೇ.

ಹೆಪ್ಪಿನಲ್ಲೇ ಹುಳಿ ಇದ್ದರೆ? ಈ ಅನುಮಾನವನ್ನು ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಎತ್ತಿದರು. ಮೂಲಪಾಠ ಪರಿಶುದ್ಧವಾಗಿದ್ದರೂ, ಮೊದಲ ಕಂಪೈಲರಿನಲ್ಲಿ ಅಡಗಿದ ಕುತಂತ್ರ ಪೀಳಿಗೆಯಿಂದ ಪೀಳಿಗೆಗೆ ಹರಿಯಬಲ್ಲದು ಎಂದು ತೋರಿಸಿಕೊಟ್ಟರು. ಕಟ್ಟುವ ಸ್ಕ್ರಿಪ್ಟಿನಲ್ಲೇ ಮೋಸ ಅಡಗಿದ ಉದಾಹರಣೆ ತೀರ ಈಚಿನದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರು, ಲಿನಕ್ಸ್ ಯಂತ್ರಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಕಳ್ಳಬಾಗಿಲು ಇದೆಯೆಂದು ಪ್ರಕಟಿಸಿದರು. ದೂರದಿಂದ ಯಂತ್ರದೊಳಗೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಹುಡುಕಿಹೊರಟಾಗ ಅವರಿಗೆ ಅದು ಸಿಕ್ಕಿತು. ಎಲ್ಲರೂ ಓದುವ ಮೂಲಪಾಠದಲ್ಲಿ ಇಲ್ಲದ ಒಂದು ತುಣುಕು, ಹಂಚಲೆಂದು ಕಟ್ಟಿದ ಗಂಟಿನಲ್ಲಿ, ಕಟ್ಟುವ ಆಜ್ಞೆಗಳ ನಡುವೆ ಕುಳಿತಿತ್ತು. ಆ ಬೇಸರದ ಸಾಲುಗಳನ್ನು ಯಾರು ಓದುತ್ತಾರೆ ಎಂಬ ಧೈರ್ಯ ಮೋಸಗಾರನಿಗೆ. ಅರ್ಧ ಸೆಕೆಂಡನ್ನೂ ಸುಮ್ಮನೆ ಬಿಡದ ಒಬ್ಬ ಮನುಷ್ಯ ಇದ್ದದ್ದರಿಂದ ಜಗತ್ತು ಬದುಕಿಕೊಂಡಿತು.

ಪೋಷಕರು ಕೇಳಬಹುದು: ಅಂಗಡಿಯಲ್ಲಿ ರಾಗಿಹಿಟ್ಟಿನ ಪ್ಯಾಕೆಟ್ಟು ಸಿಗುವಾಗ ಬೀಸುವ ಕಲ್ಲು ಏಕೆ? ಹೊಸ ಯಂತ್ರದಲ್ಲಿ ಒಂದೇ ಆಜ್ಞೆಗೆ ಸಿದ್ಧ ಕಂಪೈಲರ್ ಬರುತ್ತದಲ್ಲ? ನಿಜ. ದಿನದ ಊಟಕ್ಕೆ ಪ್ಯಾಕೆಟ್ಟಿನ ಹಿಟ್ಟು ಸಾಕು. ನಾವೂ ಅದನ್ನೇ ತರುತ್ತೇವೆ. ಎಲ್ಲ ಮಕ್ಕಳೂ ದಿನಾ ಕಂಪೈಲರ್ ಕಟ್ಟುತ್ತ ಕೂರಲಿ ಎಂಬುದು ನಮ್ಮ ವಾದವಲ್ಲ. ಆದರೆ ಪ್ಯಾಕೆಟ್ಟಿನಲ್ಲಿ ನಮ್ಮ ಕಾಳು ಇಲ್ಲದಿದ್ದಾಗ ಏನು ಮಾಡುವುದು? ಏಳನೆಯ ಆವೃತ್ತಿಯಲ್ಲಿ ‘ಮೊತ್ತ’ ಇರಲಿಲ್ಲ. ಜಿಸಿಸಿ ತನ್ನ ದೂರುಗಳನ್ನು ಜರ್ಮನ್, ಜಪಾನಿ, ರಷ್ಯನ್, ವಿಯೆಟ್ನಾಮಿ ಭಾಷೆಗಳಲ್ಲಿಯೂ ಹೇಳಬಲ್ಲದು. ಕಟ್ಟಿದ ಮೂಲಪಾಠದಲ್ಲಿ ಆ ಅನುವಾದಗಳ ಕಡತಗಳನ್ನು ನಾವು ಕಣ್ಣಾರೆ ಕಂಡೆವು. ಕನ್ನಡದ್ದಾಗಲಿ ತಮಿಳಿನದ್ದಾಗಲಿ ಅಲ್ಲಿ ಇರಲಿಲ್ಲ. ಅದು ಯಾರೋ ಮಾಡಲೊಲ್ಲದೆ ಬಿಟ್ಟದ್ದಲ್ಲ. ನಮ್ಮವರು ಯಾರೂ ಹೋಗಿ ಬರೆಯಲಿಲ್ಲ, ಅಷ್ಟೆ. ಸಿದ್ಧವಸ್ತುವನ್ನೇ ನೋಡಿದವರಿಗೆ ಅಲ್ಲಿ ಖಾಲಿ ಜಾಗವಿದೆ ಎಂಬುದೇ ತಿಳಿಯುವುದಿಲ್ಲ.

ಹೊಸೂರಿಗೆ ಬಸ್ ಹತ್ತಿಸಿ, ಫೀಜು ಕಟ್ಟಿ, ರಜೆಯಲ್ಲಿ ಮಕ್ಕಳನ್ನು ಕಂಪ್ಯೂಟರ್ ತರಗತಿಗೆ ಕಳಿಸುವ ಪೋಷಕರು ನಮ್ಮಲ್ಲಿ ಬಹಳ. ಕಲಿತು ಬಂದ ಮಕ್ಕಳನ್ನು ವಿಚಾರಿಸಿದರೆ, ಯಾವ ಚಿತ್ರ ಒತ್ತಿದರೆ ಏನು ತೆರೆಯುತ್ತದೆ ಎಂಬಷ್ಟೇ ಹೇಳುತ್ತಾರೆ. ಆ ಚಿತ್ರ ಮುಂದಿನ ವರ್ಷ ಬೇರೆ ಕಡೆ ಹೋದರೆ ಕಲಿತದ್ದೂ ಹೋಯಿತು. ಅದೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಅವರೂ ನಮ್ಮ ಹಾಗೆ ಗಡಿಯಾಚೆ ಉಳಿದ ಕನ್ನಡಿಗರೇ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿಯ ಶಾಲೆಗಳಲ್ಲಿ ಮುಕ್ತ ತಂತ್ರಾಂಶದ ಮೇಲೆಯೇ ಪಾಠ. ಕನ್ನಡ ಮಾಧ್ಯಮದವರಿಗೆ ಆ ವಿಷಯದ ಪಠ್ಯಪುಸ್ತಕವೂ ಕನ್ನಡದಲ್ಲೇ ಇದೆ. ನಮಗೆ ಅಸೂಯೆಯಾಗುವುದು ಸಹಜ. ಇತ್ತ ನಮ್ಮೂರಿನಿಂದ ಬೆಂಗಳೂರು ಬಸ್ಸಿನ ದಾರಿ. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲೇ ಹೊರಬಂದಿದೆ. ವಿದ್ಯೆ ಅಷ್ಟು ಸಮೀಪದಲ್ಲಿದೆ. ನಮ್ಮ ಮಕ್ಕಳಿಗೆ ಅಲ್ಲಿಗೆ ಹೋಗುವ ಮೊದಲ ಮೆಟ್ಟಿಲು ಬೇಕು, ಅದು ಅವರಿಗೆ ತಿಳಿಯುವ ಮಾತಿನಲ್ಲಿ ಇರಬೇಕು.

ಕನ್ನಡದಲ್ಲಿ ಹೆಸರಿಟ್ಟ ಮಾತ್ರಕ್ಕೆ ಸಿ ಭಾಷೆ ಕನ್ನಡವಾಯಿತೆಂದು ನಾವು ಹೇಳುವುದಿಲ್ಲ. ‘ಇಂಟ್’, ‘ರಿಟರ್ನ್’ ಮೊದಲಾದ ಪದಗಳು ಇಂಗ್ಲಿಷಿನವೇ. ಸ್ಟೀಲ್ ಪಾತ್ರೆಯ ಮೇಲೆ ನಮ್ಮ ಹೆಸರು ಕೆತ್ತಿಸಿದಂತೆ. ಪಾತ್ರೆ ಮಾಡಿದ ಕಾರ್ಖಾನೆ ಬೇರೆ. ಆದರೂ ಹೆಸರು ಕೆತ್ತಿದ ಪಾತ್ರೆ ಮದುವೆ ಮನೆಯಲ್ಲಿ ಕಳೆದುಹೋಗುವುದಿಲ್ಲ. ‘ಮೊತ್ತ’ ಎಂದು ಬರೆದ ಹುಡುಗಿಗೆ ತಾನು ಏನನ್ನು ಕೂಡಿಸುತ್ತಿದ್ದೇನೆ ಎಂಬುದು ಮರೆಯಲಿಲ್ಲ. ಇಂಗ್ಲಿಷ್ ಬೇಡವೆಂದೂ ನಾವು ಹೇಳುತ್ತಿಲ್ಲ. ಎರಡು ಭಾಷೆಯಲ್ಲಿ ಓದಿ ಬಂದವರು ನಾವು; ಜಿಸಿಸಿಯ ಸೂಚನೆಗಳನ್ನು ಹುಡುಗನೊಡನೆ ಕುಳಿತು ಓದಿದ್ದು ಇಂಗ್ಲಿಷಿನಲ್ಲೇ. ಅರ್ಥ ಮಾಡಿಕೊಂಡದ್ದು ಮಾತ್ರ ಕನ್ನಡದಲ್ಲಿ.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಆ ಹುಡುಗಿಯ ತಂದೆ ಟಿ.ಸಿ. ಕೇಳಲು ಬಂದರು. “ಕಂಪ್ಯೂಟರ್ ಅಂದರೆ ಇವಳಿಗೆ ಬಲು ಇಷ್ಟ ಮೇಷ್ಟ್ರೆ. ಕನ್ನಡ ಮಾಧ್ಯಮದಲ್ಲಿ ಇದ್ದರೆ ಮುಂದೆ ಕಷ್ಟ ಅಂತ ಎಲ್ಲರೂ ಹೇಳ್ತಾರೆ” ಎಂದರು. ನಾವು ಕಂಪೈಲರಿನ ಕತೆಯನ್ನೆಲ್ಲ ಹೇಳಿದೆವು. ಅವರು ತಾಳ್ಮೆಯಿಂದ ಕೇಳಿದರು, ಮಗಳು ಬರೆದ ಟೊಮೆಟೊ ಲೆಕ್ಕವನ್ನು ಪರದೆಯ ಮೇಲೆ ನೋಡಿ ನಕ್ಕರು, ಟಿ.ಸಿ. ತೆಗೆದುಕೊಂಡು ಹೋದರು. ತಂದೆಯ ಚಿಂತೆಯನ್ನು ತಪ್ಪೆನ್ನುವ ಹಕ್ಕು ನಮಗಿಲ್ಲ. ಅವಳು ಈಗ ಹೊಸೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ಪಾಲಿಟೆಕ್ನಿಕ್ಕಿನ ಹುಡುಗನಿಗೂ ಪರೀಕ್ಷೆ, ಈಚೆಗೆ ಬಂದಿಲ್ಲ.

ಸ್ಕ್ರಿಪ್ಟು ಇದೆ. ಹುಡುಗಿ ತಿದ್ದಿದ ಎರಡು ಜಾಗಗಳಲ್ಲಿ ಅವಳೇ ಬರೆದ ಟಿಪ್ಪಣಿ ಇದೆ. ಒಂದರಲ್ಲಿ ‘ಅಣ್ಣನ ಮನೆ ದಾರಿ ಇಲ್ಲಿ ಬೇಡ’ ಎಂದಿದೆ. ದಸರಾ ರಜೆಗೆ ಮೊದಲು ಎಂಟನೆಯ ತರಗತಿಯ ಮೂವರು ಮಕ್ಕಳು ಅದನ್ನು ಮೂರನೆಯ ಯಂತ್ರದಲ್ಲಿ ಓಡಿಸಿದರು. ಶುಕ್ರವಾರ ಸಂಜೆ ಆರಂಭಿಸಿದ್ದು ಶನಿವಾರ ಬೆಳಿಗ್ಗೆ ಬಂದು ನೋಡಿದಾಗ ಮುಗಿದಿತ್ತು. ಗಡಿಯಾರ ಸರಿಯೆ ಎಂಬ ಪ್ರಶ್ನೆಗೆ ಒಬ್ಬ ಗೋಡೆಯ ಗಡಿಯಾರ ನೋಡಿ ಬಂದು ‘ಸರಿ’ ಎಂದು ಒತ್ತಿದನಂತೆ. ನಾಲ್ಕನೆಯ, ಐದನೆಯ ಯಂತ್ರಗಳು ಬಾಕಿ ಇವೆ. ನಲವತ್ತು ಸಾಲು ಈಗ ಐವತ್ತೆರಡಾಗಿದೆ. ಅದನ್ನು ಇಲ್ಲಿ ಅಚ್ಚು ಮಾಡಲು ಸ್ಥಳವಿಲ್ಲ. ಒಂದು ಪ್ರತಿಯನ್ನು ಗ್ರಂಥಾಲಯದ ಬೀರುವಿನಲ್ಲಿ, ನಿಘಂಟಿನ ಪಕ್ಕದಲ್ಲಿ ಇಟ್ಟಿದ್ದ���ವೆ.